ಎಚ್‌ಆರ್‌ ಉತ್ತರ ಬರಲಿ ಎಂದು ಕಾಯಬಹುದೇ?

ಪ್ರಶ್ನೆ: ನ್ಯೂಯಾರ್ಕ್ ನಗರದ ಕಂಪನಿಯೊಂದರಲ್ಲಿ ಕೆಲಸ ಮಾಡುತ್ತಿದ್ದೇನೆ. ಬೇರೆ ದೇಶದವನೆಂಬ ಕಾರಣಕ್ಕೆ ಬಡ್ತಿ ತಪ್ಪಿಸಿದರೆಂದು ಎಚ್‌ಆರ್‌ ವಿಭಾಗಕ್ಕೆ ದೂರು ಕೊಟ್ಟು ನಾಲ್ಕು ತಿಂಗಳಾಯಿತು. ಅವರ ಉತ್ತರ ಬಂದ ಮೇಲೆ ನಗರದ ಮಾನವ ಹಕ್ಕುಗಳ ಆಯೋಗಕ್ಕೆ ಹೋದರೆ ಸಾಕೇ?

ಉತ್ತರ: ಕಾಯಬೇಡಿ. ಕಂಪನಿಯೊಳಗಿನ ವಿಚಾರಣೆ ಎಷ್ಟೇ ಎಳೆಯಲಿ, ಕಾನೂನಿನ ಗಡುವು ಅದಕ್ಕಾಗಿ ನಿಲ್ಲುವುದಿಲ್ಲ. ಲೈಬೀರಿಯಾ ಮೂಲದ ಕೊಲಂಬಸ್ ರಿಕ್ಸ್ ಎಂಬ ಅಧ್ಯಾಪಕರಿಗೆ ಡೆಲವೇರ್‌ನ ಕಾಲೇಜು ಕಾಯಂ ಹುದ್ದೆ ನಿರಾಕರಿಸಿದ್ದು 1974ರಲ್ಲಿ. ಅವರು ಕಾಲೇಜಿನ ಕುಂದುಕೊರತೆ ಸಮಿತಿಯ ಮೊರೆ ಹೋದರು. ಕೊನೆಯ ಒಂದು ವರ್ಷದ ಒಪ್ಪಂದಕ್ಕೂ ಸಹಿ ಹಾಕಿದರು. ಅಮೆರಿಕದ ಕೇಂದ್ರ ಸರ್ಕಾರದ ಸಮಾನ ಉದ್ಯೋಗಾವಕಾಶ ಆಯೋಗದಲ್ಲಿ ದೂರು ದಾಖಲಾದದ್ದು 1975ರ ಏಪ್ರಿಲ್‌ನಲ್ಲಿ. ನಿರಾಕರಣೆ ತಿಳಿಸಿದ ದಿನದಿಂದಲೇ ದಿನ ಎಣಿಸಬೇಕು, ಒಳಗಿನ ಮೇಲ್ಮನವಿ ಲೆಕ್ಕಕ್ಕಿಲ್ಲ ಎಂದು 1980ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ದೂರು ತಡವಾಯಿತೆಂದೇ ಅವರು ಸೋತರು. ತಾರತಮ್ಯ ನಡೆಯಿತೋ ಇಲ್ಲವೋ ಎಂಬ ಮಾತೇ ಬರಲಿಲ್ಲ.

ನಿಮ್ಮ ನಗರದ ಆಯೋಗಕ್ಕೆ ಒಂದು ವರ್ಷದೊಳಗೆ ದೂರು ಕೊಡಬೇಕು. ಕೇಂದ್ರದ ಸಮಾನ ಉದ್ಯೋಗಾವಕಾಶ ಆಯೋಗಕ್ಕೆ ಗಡುವು 180 ದಿನ. ಇಂಥದ್ದೇ ಕಾನೂನನ್ನು ಜಾರಿ ಮಾಡುವ ಸ್ಥಳೀಯ ಅಥವಾ ರಾಜ್ಯ ಸಂಸ್ಥೆ ಇರುವ ಕಡೆ 300 ದಿನ. ನಿಮ್ಮ ಊರು ಎರಡನೆಯ ಗುಂಪಿನದು. ನಗರದ ಆಯೋಗಕ್ಕೆ ದೂರು ಕೊಡುವಾಗಲೇ ಅದನ್ನು ಕೇಂದ್ರದ ಆಯೋಗದಲ್ಲಿಯೂ ದಾಖಲಿಸಿ ಎಂದು ಬಾಯಿಬಿಟ್ಟು ಕೇಳಿ. ಕಂಪನಿ ಚಿಕ್ಕದೆಂದು ಹಿಂಜರಿಯಬೇಡಿ: ಕೇಂದ್ರದ ಕಾನೂನಿಗೆ ಕನಿಷ್ಠ 15 ನೌಕರರು ಬೇಕು, ನಗರದ ಕಾನೂನಿಗೆ ನಾಲ್ವರು ಸಾಕು.

ಶುಲ್ಕವಿಲ್ಲ, ವಕೀಲರೂ ಕಡ್ಡಾಯವಲ್ಲ. ಆದರೆ ದೂರು ಆಯೋಗದಲ್ಲಿರುವಷ್ಟು ಕಾಲ ಅದೇ ವಿಷಯಕ್ಕೆ ನಗರದ ಕಾನೂನಿನಡಿ ನ್ಯಾಯಾಲಯಕ್ಕೆ ಹೋಗುವಂತಿಲ್ಲ. ಹಾಗಾಗಿ ಒಮ್ಮೆ ವಕೀಲರನ್ನು ಕಾಣುವುದು ಒಳ್ಳೆಯದೇ.

ಬರೆಯುವಾಗ ಸಿಟ್ಟನ್ನು ಪಕ್ಕಕ್ಕಿಡಿ. ‘ನನ್ನನ್ನು ಕೀಳಾಗಿ ಕಂಡರು’ ಎಂಬ ಸಾಲಿನಿಂದ ತನಿಖೆ ಮಾಡುವವರಿಗೆ ಹಿಡಿಯಲು ಏನೂ ಸಿಗುವುದಿಲ್ಲ. ‘ಮಾರ್ಚ್ 4ರ ಸಭೆಯಲ್ಲಿ ಮ್ಯಾನೇಜರ್ ನನ್ನ ಉಚ್ಚಾರಣೆಯನ್ನು ಅಣಕಿಸಿದರು, ಇಬ್ಬರು ಕೇಳಿಸಿಕೊಂಡಿದ್ದಾರೆ, ಮಾರ್ಚ್ 20ರಂದು ನನಗಿಂತ ಎರಡು ವರ್ಷ ಕಿರಿಯರಿಗೆ ಬಡ್ತಿ ಸಿಕ್ಕಿತು’ ಎಂದರೆ ಸಿಗುತ್ತದೆ.

ದೂರು ಕೊಟ್ಟಿದ್ದಕ್ಕೆ ಕಂಪನಿ ಸೇಡು ತೀರಿಸಿಕೊಂಡರೆ ಅದೂ ಕಾನೂನುಬಾಹಿರ, ಅದರ ಮೇಲೆಯೇ ಪ್ರತ್ಯೇಕ ದೂರು ನಿಲ್ಲುತ್ತದೆ. ಎಚ್‌ಆರ್‌ಗೆ ನೀವು ಕಳಿಸಿದ ಇ-ಮೇಲ್‌ನ ಪ್ರತಿ ಇವತ್ತೇ ತೆಗೆದಿಡಿ. ಆಮೇಲೆ ಕ್ಯಾಲೆಂಡರ್ ತೆರೆದು, ಬಡ್ತಿ ಇಲ್ಲವೆಂದು ನಿಮಗೆ ತಿಳಿಸಿದ ದಿನದಿಂದ 300 ಎಣಿಸಿ.