ಯಾವುದು ದೇಶದ ಮೊದಲ ದರ್ಜೆಯ ಲೀಗ್? ಭಾರತೀಯ ಫುಟ್‌ಬಾಲಿನ ಮೂವತ್ತು ವರ್ಷಗಳ ಗೋಜಲು

ದೇಶದ ಅತ್ಯುನ್ನತ ಫುಟ್‌ಬಾಲ್ ಲೀಗ್ ಯಾವುದು ಎಂದು ಯಾರಾದರೂ ಕೇಳಿದರೆ ನಾವು ಮೊದಲು ‘ಯಾವ ವರ್ಷದ್ದು?’ ಎಂದು ಮರುಪ್ರಶ್ನೆ ಹಾಕಬೇಕಾಗುತ್ತದೆ. 1996ರಿಂದ 2007ರವರೆಗೆ ಅದು ರಾಷ್ಟ್ರೀಯ ಫುಟ್‌ಬಾಲ್ ಲೀಗ್. ಆಮೇಲೆ ಐ-ಲೀಗ್. 2014ರಿಂದ ಐದು ವರ್ಷ ಎರಡು ಲೀಗ್‌ಗಳು ಅಕ್ಕಪಕ್ಕದಲ್ಲೇ ನಡೆದವು. ಯಾವುದು ಮೇಲು ಎಂಬುದು ನೀವು ಯಾರನ್ನು ಕೇಳುತ್ತೀರಿ ಎಂಬುದರ ಮೇಲೆ ನಿಂತಿತ್ತು. 2019-20ರಿಂದ ಇಂಡಿಯನ್ ಸೂಪರ್ ಲೀಗ್, ಅಂದರೆ ಐಎಸ್‌ಎಲ್. 2025ರ ಕೊನೆಯ ತಿಂಗಳುಗಳಲ್ಲಿ ಯಾವುದೂ ಇರಲಿಲ್ಲ.

ರಾಷ್ಟ್ರೀಯ ಲೀಗ್ ಎಂಬ ಕಲ್ಪನೆಯೇ ಇಲ್ಲಿಗೆ ತಡವಾಗಿ ಬಂತು. ಡುರಾಂಡ್ ಕಪ್ ಶುರುವಾದದ್ದು 1888ರಲ್ಲಿ, ಕಲ್ಕತ್ತಾ ಲೀಗ್ 1898ರಲ್ಲಿ, ರಾಜ್ಯ ತಂಡಗಳ ಸಂತೋಷ್ ಟ್ರೋಫಿ 1941ರಲ್ಲಿ. ನೂರು ವರ್ಷಗಳ ಕಾಲ ಭಾರತದ ಫುಟ್‌ಬಾಲ್ ಎಂದರೆ ಊರೂರಿನ ಲೀಗುಗಳು ಮತ್ತು ಎರಡು ಮೂರು ವಾರಗಳ ನಾಕೌಟ್ ಟೂರ್ನಿಗಳು. 1977ರಲ್ಲಿ ಕ್ಲಬ್‌ಗಳಿಗಾಗಿ ಫೆಡರೇಷನ್ ಕಪ್ ಬಂದಾಗ ಮೊದಲ ವರ್ಷವೇ ಮೋಹನ್ ಬಾಗಾನ್ ತಂಡವನ್ನು ಮಣಿಸಿ ಅದನ್ನು ಗೆದ್ದದ್ದು ಬೆಂಗಳೂರಿನ ಐಟಿಐ. ದೂರವಾಣಿ ತಯಾರಿಸುವ ಕಾರ್ಖಾನೆಯ ತಂಡ ಅದು. ನಮ್ಮವರಲ್ಲೇ ಎಷ್ಟೋ ಮಂದಿಗೆ ಇದು ಗೊತ್ತಿಲ್ಲ.

1996ರಲ್ಲಿ ಅಖಿಲ ಭಾರತ ಫುಟ್‌ಬಾಲ್ ಫೆಡರೇಷನ್ (ಎಐಎಫ್‌ಎಫ್) ರಾಷ್ಟ್ರೀಯ ಲೀಗ್ ಆರಂಭಿಸಿದಾಗ ಹನ್ನೆರಡು ತಂಡಗಳಿದ್ದವು. ಪಂಜಾಬಿನ ಫಗ್ವಾಡಾದ ಜೆಸಿಟಿ ಮೊದಲ ಚಾಂಪಿಯನ್ ಆಯಿತು. ಅತಿ ಹೆಚ್ಚು ಗೋಲು ಹೊಡೆದವರು ಅದೇ ತಂಡದ ಬೈಚುಂಗ್ ಭುಟಿಯಾ. ನಂತರದ ಹತ್ತು ವರ್ಷ ಪ್ರಶಸ್ತಿ ಹೆಚ್ಚುಕಡಿಮೆ ಕೋಲ್ಕತ್ತ ಮತ್ತು ಗೋವಾ ನಡುವೆಯೇ ಓಡಾಡಿತು. ಮೋಹನ್ ಬಾಗಾನ್ ಮೂರು ಬಾರಿ, ಈಸ್ಟ್ ಬೆಂಗಾಲ್ ಮೂರು ಬಾರಿ, ಡೆಂಪೊ ಎರಡು ಬಾರಿ, ಸಾಲ್‌ಗಾಂವ್ಕರ್ ಒಂದು ಬಾರಿ ಗೆದ್ದವು. ನಡುವೆ ಒಮ್ಮೆ ಮಾತ್ರ ಮುಂಬೈನ ಮಹೀಂದ್ರಾ ಯುನೈಟೆಡ್ ತಲೆಯೆತ್ತಿತು. ಬೆಂಗಳೂರಿನಿಂದ ಐಟಿಐ, ಎಚ್‌ಎಎಲ್ ತಂಡಗಳು ಆಡಿದವು, ಕೆಳಗಿಳಿದವು. ಎಚ್‌ಎಎಲ್ ಮತ್ತೆ ಮೇಲೇರಿ ಬಂದರೂ 2011-12ರಲ್ಲಿ ಹಿಂಬಡ್ತಿ ಪಡೆಯಿತು. ಕೆಳಗಿಳಿಯುವ, ಮತ್ತೆ ಹತ್ತುವ ದಾರಿ ಆಗ ನಿಜವಾಗಿಯೂ ಇತ್ತು ಎಂಬುದನ್ನು ಇಲ್ಲಿ ಗುರುತು ಹಾಕಿಟ್ಟುಕೊಳ್ಳಿ.

2007ರಲ್ಲಿ ವೃತ್ತಿಪರತೆಯ ಹೆಸರಿನಲ್ಲಿ ಲೀಗಿಗೆ ಐ-ಲೀಗ್ ಎಂಬ ಹೆಸರು ಬಂತು. ಆದರೆ ಕ್ಲಬ್‌ಗಳ ಹಣದ ಮೂಲ ಬದಲಾಗಲಿಲ್ಲ. ಟಿಕೆಟ್ ಆದಾಯ ನಾಮಮಾತ್ರಕ್ಕೆ, ಪ್ರಸಾರದಿಂದ ಕ್ಲಬ್‌ಗೆ ಬರುವುದು ಅಷ್ಟಕ್ಕಷ್ಟೇ. ಕಂಪನಿಯೊಂದರ ಪ್ರಚಾರದ ಖರ್ಚಿನಲ್ಲೋ ಸಿಬ್ಬಂದಿ ಕಲ್ಯಾಣದ ಲೆಕ್ಕದಲ್ಲೋ ತಂಡ ಬದುಕುತ್ತಿತ್ತು. ಆಡಳಿತ ಮಂಡಳಿಯ ಮನಸ್ಸು ಬದಲಾದ ದಿನ ತಂಡವೂ ಇಲ್ಲ. 2010ರಲ್ಲಿ ಮಹೀಂದ್ರಾ ಯುನೈಟೆಡ್, 2011ರಲ್ಲಿ ಜೆಸಿಟಿ ಬಾಗಿಲು ಹಾಕಿದವು. ದೇಶದ ಮೊದಲ ಲೀಗ್ ಚಾಂಪಿಯನ್ ತಂಡವೇ ಅಳಿದುಹೋಯಿತು ಎಂಬುದು ಆ ದಿನಗಳಲ್ಲಿ ಕ್ರೀಡಾ ಪುಟದ ಸಣ್ಣ ಸುದ್ದಿ.

ಗೋಜಲಿನ ಮೊದಲ ಗಂಟು ಬಿದ್ದದ್ದು ಇದಕ್ಕೂ ಸ್ವಲ್ಪ ಮೊದಲು. ಪ್ರಸಾರ ಸಂಸ್ಥೆಯೊಂದರ ಜೊತೆಗಿದ್ದ ಹತ್ತು ವರ್ಷಗಳ ಒಪ್ಪಂದ ಅರ್ಧದಲ್ಲೇ ಮುರಿದುಬಿದ್ದು, ಎಐಎಫ್‌ಎಫ್ ಹೊಸ ಪಾಲುದಾರರನ್ನು ಹುಡುಕುತ್ತಿತ್ತು. 2010ರ ಡಿಸೆಂಬರ್ 9ರಂದು ಐಎಂಜಿ-ರಿಲಯನ್ಸ್ ಜೊತೆ ಹದಿನೈದು ವರ್ಷಗಳ, 700 ಕೋಟಿ ರೂಪಾಯಿಯ ಒಪ್ಪಂದಕ್ಕೆ ಸಹಿ ಬಿತ್ತು. ಪ್ರಾಯೋಜಕತ್ವ, ಪ್ರಸಾರ, ಮಾರುಕಟ್ಟೆ ಎಲ್ಲ ಹಕ್ಕುಗಳ ಜೊತೆಗೆ ಹೊಸ ಲೀಗ್ ಕಟ್ಟುವ ಹಕ್ಕೂ ಅದರೊಳಗಿತ್ತು. ಖಜಾನೆ ಬರಿದಾಗಿದ್ದ ಫೆಡರೇಷನ್ನಿಗೆ ಆ ಹಣ ಬೇಕಿತ್ತು, ಅದನ್ನು ಅಲ್ಲಗಳೆಯಲಾಗದು. ಆದರೆ ಲೀಗಿನ ಸ್ವರೂಪ ಹೇಗಿರಬೇಕು ಎಂಬ ಚರ್ಚೆ ಮೈದಾನದ ಕಡೆಯಿಂದ ಒಪ್ಪಂದದ ಕಾಗದದ ಕಡೆಗೆ ಸರಿದದ್ದು ಅಂದಿನಿಂದಲೇ. ಐ-ಲೀಗ್ ಕ್ಲಬ್‌ಗಳು ಮುನಿಸಿಕೊಂಡವು. ಹೊಸ ಲೀಗಿಗೆ ಸಹಿ ಹಾಕಿದ ಆಟಗಾರರನ್ನು ನೋಂದಾಯಿಸುವುದಿಲ್ಲ ಎಂದು ಒಂದು ಹಂತದಲ್ಲಿ ಪಟ್ಟು ಹಿಡಿದವು.

2013ರಲ್ಲಿ ಎರಡು ಸಂಗತಿಗಳು ಒಟ್ಟೊಟ್ಟಿಗೆ ನಡೆದವು. ಐಎಸ್‌ಎಲ್ ಘೋಷಣೆಯಾಯಿತು, ಅದಕ್ಕೂ ಕೆಲವೇ ತಿಂಗಳ ಮುಂಚೆ ಐ-ಲೀಗಿನಲ್ಲಿ ಆಡಲೆಂದೇ ಜೆಎಸ್‌ಡಬ್ಲ್ಯು ಸಮೂಹ ಬೆಂಗಳೂರು ಎಫ್‌ಸಿಯನ್ನು ಹುಟ್ಟುಹಾಕಿತು. ತರಬೇತುದಾರ ಆಶ್ಲೆ ವೆಸ್ಟ್‌ವುಡ್, ನಾಯಕ ಸುನಿಲ್ ಚೆಟ್ರಿ. ಅಶೋಕನಗರದ ಹಳೆಯ ಫುಟ್‌ಬಾಲ್ ಕ್ರೀಡಾಂಗಣದ ಸಿಮೆಂಟ್ ಮೆಟ್ಟಿಲುಗಳ ಮೇಲೆ, ಎಚ್‌ಎಎಲ್ ಆಡುವಾಗ ಬೆರಳೆಣಿಕೆಯ ಜನ ಕೂರುತ್ತಿದ್ದ ಜಾಗದಲ್ಲಿ, ಟಿಕೆಟ್ ಕೊಂಡು ಬಂದ ಹುಡುಗರು ತೊಂಬತ್ತು ನಿಮಿಷವೂ ನಿಂತೇ ಹಾಡತೊಡಗಿದರು. ಪಶ್ಚಿಮದ ಸ್ಟ್ಯಾಂಡಿನ ಆ ಗುಂಪೇ ಮುಂದೆ ‘ವೆಸ್ಟ್ ಬ್ಲಾಕ್ ಬ್ಲೂಸ್’ ಎಂದು ಹೆಸರಾಯಿತು. ಕಾಲಿಟ್ಟ ಮೊದಲ ವರ್ಷವೇ, ಗೋವಾದ ಫತೋರ್ಡಾದಲ್ಲಿ ಡೆಂಪೊ ವಿರುದ್ಧ 4-2ರಿಂದ ಗೆದ್ದು ತಂಡ ಚಾಂಪಿಯನ್ ಆಯಿತು.

ಮರುವರ್ಷದ್ದು ಇನ್ನೂ ದೊಡ್ಡ ಕಥೆ. 2015ರ ಮೇ 31, ಕಂಠೀರವ ಕ್ರೀಡಾಂಗಣ, ಲೀಗಿನ ಕೊನೆಯ ದಿನ. ಬೆಂಗಳೂರಿಗೆ ಗೆಲುವೇ ಬೇಕು, ಮೋಹನ್ ಬಾಗಾನ್‌ಗೆ ಡ್ರಾ ಸಾಕು. ಮೊದಲಾರ್ಧದಲ್ಲಿ ಜಾನ್ ಜಾನ್ಸನ್ ಗೋಲು ಹೊಡೆದರು. ಪಂದ್ಯ ಮುಗಿಯಲು ಮೂರೇ ನಿಮಿಷ ಇದ್ದಾಗ ಸೋನಿ ನೋರ್ಡೆ ಒದ್ದ ಕಾರ್ನರ್ ಕಿಕ್ ಬೆಲ್ಲೊ ರಜಾಕ್ ಅವರ ತಲೆಗೆ ತಗುಲಿ ಬಲೆ ಸೇರಿತು. 1-1. ಹದಿಮೂರು ವರ್ಷಗಳ ಬಳಿಕ ಬಾಗಾನ್ ಮತ್ತೆ ರಾಷ್ಟ್ರೀಯ ಚಾಂಪಿಯನ್. ಫೈನಲ್ ಎಂಬುದೇ ಇಲ್ಲದ ಲೀಗೊಂದು ತಾನಾಗಿಯೇ ಫೈನಲ್ ಆಗಿ ಮಾರ್ಪಡುವುದು ಇಂಥ ದಿನಗಳಲ್ಲಿ. ಐ-ಲೀಗ್ ನಿರ್ಜೀವವಾಗಿತ್ತು, ಅದಕ್ಕೇ ಬದಲಿ ಬೇಕಾಯಿತು ಎಂದು ಈಗ ಸಲೀಸಾಗಿ ಹೇಳುವವರು ಆ ಸಂಜೆ ಕಂಠೀರವದಲ್ಲಿ ಇರಲಿಲ್ಲವೆಂದೇ ತೋರುತ್ತದೆ.

ಅತ್ತ ಐಎಸ್‌ಎಲ್ 2014ರ ಅಕ್ಟೋಬರ್ 12ರಂದು ಕೋಲ್ಕತ್ತದ ಸಾಲ್ಟ್ ಲೇಕ್‌ನಲ್ಲಿ ಶುರುವಾಗಿತ್ತು. ಎಂಟು ತಂಡ, ಎರಡು ತಿಂಗಳ ಆಟ. ಡೆಲ್ ಪಿಯರೊ, ಟ್ರೆಜೆಗೆ, ಪಿರೆಸ್, ಲ್ಯೂಂಗ್‌ಬರ್ಗ್‌ರಂಥ ನಿವೃತ್ತಿಯ ಅಂಚಿನ ತಾರೆಯರು ಬಂದರು. ಪಂದ್ಯಕ್ಕೆ ಸರಾಸರಿ ಇಪ್ಪತ್ತು ಸಾವಿರಕ್ಕೂ ಹೆಚ್ಚು ಜನ ಸೇರಿದರು. ಹುಲ್ಲು, ಬೆಳಕು, ಕ್ಯಾಮೆರಾ ಎಲ್ಲವೂ ಐ-ಲೀಗ್ ಎಂದೂ ಕಾಣದ ಮಟ್ಟದಲ್ಲಿದ್ದವು. ಇದು ಸಣ್ಣ ಸಾಧನೆಯಲ್ಲ. ಆದರೆ ಏಷ್ಯನ್ ಫುಟ್‌ಬಾಲ್ ಕಾನ್ಫೆಡರೇಷನ್ (ಎಎಫ್‌ಸಿ) ಲೆಕ್ಕದಲ್ಲಿ ಅದು ಲೀಗೇ ಆಗಿರಲಿಲ್ಲ. ಗೆದ್ದವರಿಗೆ ಏಷ್ಯಾದ ಟೂರ್ನಿಗಳಲ್ಲಿ ಜಾಗವಿರಲಿಲ್ಲ. ಆ ಜಾಗ ಇನ್ನೂ ಐ-ಲೀಗಿನ ಬಳಿಯೇ ಇತ್ತು.

ಹಾಗಾಗಿ ಆಟಗಾರರು ವರ್ಷಕ್ಕೆ ಎರಡು ಅಂಗಿ ತೊಟ್ಟರು. ಮಳೆಗಾಲ ಮುಗಿದ ಮೇಲೆ ಐಎಸ್‌ಎಲ್, ಹೊಸ ವರ್ಷದ ನಂತರ ಐ-ಲೀಗ್. 2015ರ ಹರಾಜಿನಲ್ಲಿ 1.2 ಕೋಟಿ ರೂಪಾಯಿಗೆ ಮುಂಬೈ ಸಿಟಿ ಪಾಲಾದ ಚೆಟ್ರಿ, ಅಲ್ಲಿ ಆಡಿ ಮುಗಿಸಿ ಬೆಂಗಳೂರಿಗೆ ಬಂದು ಐ-ಲೀಗ್ ಗೆದ್ದರು. 2016ರಲ್ಲಿ ಬೆಂಗಳೂರು ಎಫ್‌ಸಿ ಎಎಫ್‌ಸಿ ಕಪ್ ಫೈನಲ್ ತಲುಪಿದ ಭಾರತದ ಮೊದಲ ಕ್ಲಬ್ ಆಯಿತು. ದೋಹಾದಲ್ಲಿ ಇರಾಕಿನ ಏರ್‌ಫೋರ್ಸ್ ಕ್ಲಬ್ ಎದುರು 1-0ಯಿಂದ ಸೋತದ್ದು ಬೇರೆ ಮಾತು. ‘ಎರಡನೆಯ’ ಲೀಗ್ ಎಂದು ಮೂಗು ಮುರಿಯಲಾಗುತ್ತಿದ್ದ ಕಡೆಯಿಂದ ಬಂದ ತಂಡ ಅದು.

ಅದೇ ವರ್ಷ ಎಐಎಫ್‌ಎಫ್ ಮುಂದಿಟ್ಟ ಹೊಸ ಶ್ರೇಣಿ ವ್ಯವಸ್ಥೆಯನ್ನು ಒಪ್ಪದೆ ಡೆಂಪೊ, ಸಾಲ್‌ಗಾಂವ್ಕರ್, ಸ್ಪೋರ್ಟಿಂಗ್ ಗೋವಾ ಐ-ಲೀಗಿನಿಂದ ಹೊರನಡೆದವು. ಐದು ಬಾರಿಯ ಚಾಂಪಿಯನ್ ಡೆಂಪೊ ಊರ ಲೀಗಿಗೆ ಮರಳಿತು. ಖಾಲಿಯಾದ ಜಾಗಕ್ಕೆ, ಹಿಂಬಡ್ತಿ ಪಡೆದಿದ್ದ ಮಿಜೋರಾಂನ ಐಜ್ವಾಲ್ ಎಫ್‌ಸಿಯನ್ನು ವಾಪಸ್ ಕರೆಯಲಾಯಿತು. ಖಾಲಿದ್ ಜಮೀಲ್ ತರಬೇತಿಯ ಆ ತಂಡ 2017ರ ಏಪ್ರಿಲ್ 30ರಂದು ಶಿಲ್ಲಾಂಗ್‌ನಲ್ಲಿ ಲಾಜೊಂಗ್ ವಿರುದ್ಧ 1-1 ಡ್ರಾ ಸಾಧಿಸಿ ಪ್ರಶಸ್ತಿ ಎತ್ತಿತು. ಈಶಾನ್ಯದ ಮೊದಲ ರಾಷ್ಟ್ರೀಯ ಚಾಂಪಿಯನ್ ಆದ ಕೆಲವೇ ವಾರಗಳಲ್ಲಿ ಅದು ಮೇಲಿನ ಲೀಗಿನಲ್ಲಿ ಜಾಗ ಕೊಡಿ ಎಂದು ಬೇಡುವ ಸ್ಥಿತಿಗೆ ಬಂತು. ಬೆಂಗಳೂರು ಎಫ್‌ಸಿ ಮತ್ತು ಜಮ್ಷೆಡ್‌ಪುರ ಹರಾಜಿನ ಮೂಲಕ ಐಎಸ್‌ಎಲ್ ಸೇರಿದ್ದು ಆಗಲೇ. ಐಜ್ವಾಲ್ ಗೆದ್ದು ತೋರಿಸಿತು, ಬೆಂಗಳೂರು ಹಣ ಕಟ್ಟಿ ಒಳಹೋಯಿತು. ಬೆಂಗಳೂರಿನ ಅಭಿಮಾನಿಗಳಿಗೆ ಇದನ್ನು ಹೇಳಿದರೆ ಇಷ್ಟವಾಗದು, ಆದರೆ ನಡೆದದ್ದು ಹಾಗೆಯೇ.

2017ರಿಂದ ಎಎಫ್‌ಸಿ ಎರಡೂ ಲೀಗ್‌ಗಳಿಗೆ ಒಂದೊಂದು ಏಷ್ಯನ್ ಟೂರ್ನಿಯ ಜಾಗ ಹಂಚಿತು. ತಾತ್ಕಾಲಿಕವೆಂದ ಆ ವ್ಯವಸ್ಥೆ ಎರಡು ವರ್ಷ ನಡೆಯಿತು. 2019ರ ಅಕ್ಟೋಬರಿನಲ್ಲಿ ಕ್ವಾಲಾಲಂಪುರದಲ್ಲಿ ಎಲ್ಲರನ್ನೂ ಕೂರಿಸಿ ಒಂದು ಮಾರ್ಗಸೂಚಿ ಸಿದ್ಧಪಡಿಸಲಾಯಿತು. ಅದರ ಪ್ರಕಾರ ಐಎಸ್‌ಎಲ್ ಇನ್ನು ಅಧಿಕೃತವಾಗಿ ಮೊದಲ ದರ್ಜೆ. 2022-23ರಿಂದ ಐ-ಲೀಗ್ ಚಾಂಪಿಯನ್‌ಗೆ ಶುಲ್ಕವಿಲ್ಲದೆ ಬಡ್ತಿ. 2024-25ರಿಂದ ಬಡ್ತಿ, ಹಿಂಬಡ್ತಿ ಎರಡೂ. ಮೊದಲನೆಯದು ತಕ್ಷಣ ಜಾರಿಯಾಯಿತು. ಎರಡನೆಯದರಿಂದ ಪಂಜಾಬ್ ಎಫ್‌ಸಿ, ಆಮೇಲೆ ಕೋಲ್ಕತ್ತದ ಮೊಹಮ್ಮಡನ್ ಸ್ಪೋರ್ಟಿಂಗ್ ಮೇಲೆ ಬಂದವು. ಮೂರನೆಯದು ಕಾಗದದಲ್ಲೇ ಉಳಿಯಿತು. 2024-25ರಲ್ಲಿ ಹದಿಮೂರು ತಂಡಗಳು ಆಡಿದವು, ಕೊನೆಯ ಸ್ಥಾನದ ತಂಡ ಎಲ್ಲಿಗೂ ಹೋಗಲಿಲ್ಲ.

ಐಎಸ್‌ಎಲ್ ಸ್ವರೂಪದಲ್ಲಿ ಹೊಸಬರಿಗೆ ಗೊಂದಲ ಹುಟ್ಟಿಸುವುದು ಎರಡು ಟ್ರೋಫಿಗಳ ಸಂಗತಿ. ತವರಿನಲ್ಲೊಮ್ಮೆ, ಎದುರಾಳಿಯ ಅಂಗಳದಲ್ಲೊಮ್ಮೆ ಎಲ್ಲರೂ ಎಲ್ಲರೊಂದಿಗೆ ಆಡಿದ ಬಳಿಕ ಅಂಕಪಟ್ಟಿಯ ಮೇಲ್ತುದಿಯಲ್ಲಿರುವ ತಂಡಕ್ಕೆ ಲೀಗ್ ಷೀಲ್ಡ್. 2019-20ರಲ್ಲಿ ಜಾರಿಗೆ ಬಂದ ಇದನ್ನು ಮೊದಲು ಗೆದ್ದದ್ದು ಎಫ್‌ಸಿ ಗೋವಾ. ಏಷ್ಯನ್ ಫುಟ್‌ಬಾಲಿನ ಕಣ್ಣಿನಲ್ಲಿ ತೂಕವಿರುವುದು ಇದಕ್ಕೇ. ಆದರೆ ‘ಚಾಂಪಿಯನ್’ ಪಟ್ಟ ಪ್ಲೇಆಫ್ ಗೆದ್ದವರಿಗೆ. 2022-23ರಿಂದ ಮೊದಲ ಆರು ತಂಡಗಳಿಗೆ ಅಲ್ಲಿ ಅವಕಾಶವಾಯಿತು: ಅಗ್ರ ಎರಡು ನೇರ ಸೆಮಿಫೈನಲ್‌ಗೆ, ಉಳಿದ ನಾಲ್ಕು ಒಂದೇ ಪಂದ್ಯದ ನಾಕೌಟ್‌ಗೆ. ಇದರ ಪರಿಣಾಮ 2025ರ ಏಪ್ರಿಲ್ 12ರಂದು ಕಣ್ಣಿಗೆ ರಾಚಿತು. ಮೋಹನ್ ಬಾಗಾನ್ 56 ಅಂಕ ಗಳಿಸಿ ಷೀಲ್ಡ್ ಗೆದ್ದಾಗಿತ್ತು. ಮೂರನೆಯ ಸ್ಥಾನದ ಬೆಂಗಳೂರಿನದು 38. ಹದಿನೆಂಟು ಅಂಕಗಳ ಅಂತರವನ್ನು ಬದಿಗಿಟ್ಟು ಸಾಲ್ಟ್ ಲೇಕ್‌ನಲ್ಲಿ ಇಬ್ಬರೂ ಫೈನಲ್ ಆಡಿದರು. ಹೆಚ್ಚುವರಿ ಅವಧಿಯಲ್ಲಿ ಜೇಮಿ ಮ್ಯಾಕ್ಲಾರೆನ್ ಹೊಡೆದ ಗೋಲಿನಿಂದ ಬಾಗಾನ್ 2-1ರಿಂದ ಪಾರಾಯಿತು. ಸೋತಿದ್ದರೆ ಆ ವರ್ಷದ ಅತ್ಯುತ್ತಮ ತಂಡ ಯಾವುದು ಎಂಬುದಕ್ಕೆ ಎರಡು ಅಧಿಕೃತ ಉತ್ತರಗಳಿರುತ್ತಿದ್ದವು. ಟಿವಿಗೆ ಫೈನಲ್ ಬೇಕು ಎಂಬುದು ಅರ್ಥವಾಗುವ ಮಾತೇ. ಆರು ತಿಂಗಳ ಲೀಗಿಗೆ ಫೈನಲ್ ಏಕೆ ಬೇಕು ಎಂಬುದು ಅಷ್ಟು ಸುಲಭವಾಗಿ ಅರ್ಥವಾಗುವುದಿಲ್ಲ.

ಆ ಫೈನಲ್ ಮುಗಿದ ಮೂರು ತಿಂಗಳಿಗೆ, 2025ರ ಜುಲೈನಲ್ಲಿ, ಮುಂದಿನ ಋತುವನ್ನು ತಡೆಹಿಡಿಯಲಾಯಿತು. ಕಾರಣ ಹದಿನೈದು ವರ್ಷ ಹಳೆಯದು. ಐಎಂಜಿ-ರಿಲಯನ್ಸ್ ಜೊತೆಗಿನ 2010ರ ಆ ಒಪ್ಪಂದ ಡಿಸೆಂಬರ್ 8ಕ್ಕೆ ಮುಗಿಯುತ್ತಿತ್ತು. ಋತು ಅದರ ಆಚೆಗೂ ಚಾಚಿಕೊಳ್ಳುತ್ತಿತ್ತು. ನವೀಕರಣದ ಮಾತುಕತೆಗೆ, ಸುಪ್ರೀಂ ಕೋರ್ಟ್‌ನಲ್ಲಿದ್ದ ಎಐಎಫ್‌ಎಫ್ ಸಂವಿಧಾನದ ಪ್ರಕರಣ ಅಡ್ಡಬಂದಿತ್ತು. ಅದೇ ಆಡಳಿತದ ಗೊಂದಲದಿಂದ 2022ರ ಆಗಸ್ಟ್‌ನಲ್ಲಿ ಫಿಫಾ ಭಾರತವನ್ನು ಕೆಲವು ದಿನ ಅಮಾನತಿನಲ್ಲಿಟ್ಟದ್ದು ನೆನಪಿರಬಹುದು. ಸೆಪ್ಟೆಂಬರ್ 19ರಂದು ನ್ಯಾಯಾಲಯ ಕೆಲವು ತಿದ್ದುಪಡಿಗಳೊಂದಿಗೆ ಸಂವಿಧಾನಕ್ಕೆ ಒಪ್ಪಿಗೆ ಕೊಟ್ಟಿತು. ವಾಣಿಜ್ಯ ಹಕ್ಕುಗಳಿಗೆ ಟೆಂಡರ್ ಕರೆದರೆ ನವೆಂಬರಿನ ಗಡುವಿನೊಳಗೆ ಒಂದು ಬಿಡ್ ಕೂಡ ಬರಲಿಲ್ಲ. ಅಷ್ಟರಲ್ಲಿ ಕೆಲವು ಕ್ಲಬ್‌ಗಳು ಸಂಬಳ ನಿಲ್ಲಿಸಿದ್ದವು. ಹೊಸ ವರ್ಷದ ಆರಂಭದಲ್ಲಿ ಚೆಟ್ರಿ ಸೇರಿದಂತೆ ರಾಷ್ಟ್ರೀಯ ತಂಡದ ಆಟಗಾರರು ಫಿಫಾ ಮಧ್ಯಪ್ರವೇಶಿಸಬೇಕೆಂದು ವಿಡಿಯೊದಲ್ಲಿ ಮೊರೆಯಿಟ್ಟರು.

2026ರ ಜನವರಿ 6ರಂದು ಕೇಂದ್ರ ಕ್ರೀಡಾ ಸಚಿವ ಮನ್ಸುಖ್ ಮಾಂಡವಿಯಾ ಲೀಗ್ ಫೆಬ್ರುವರಿ 14ರಂದು ಶುರುವಾಗುವುದಾಗಿ ಪ್ರಕಟಿಸಿದರು. ಹದಿನಾಲ್ಕು ತಂಡ, ಒಬ್ಬರ ವಿರುದ್ಧ ಒಂದೇ ಸಲ, ಒಟ್ಟು 91 ಪಂದ್ಯ. ತಂಡಕ್ಕೆ ಹದಿಮೂರು. ಏಷ್ಯನ್ ಟೂರ್ನಿಗಳ ಪೂರ್ಣ ಅರ್ಹತೆಗೆ ಎಎಫ್‌ಸಿ ಕೇಳುವುದು ಲೀಗ್ ಮತ್ತು ಕಪ್ ಸೇರಿ ಇಪ್ಪತ್ತನಾಲ್ಕು ಪಂದ್ಯ, ಆದ್ದರಿಂದ ವಿನಾಯಿತಿಗೆ ಪತ್ರ ಬರೆಯಬೇಕಾಯಿತು. ಎಲ್ಲರಿಗೂ ತವರಿನಲ್ಲಿ ಸಮನಾಗಿ ಪಂದ್ಯ ಸಿಗುವುದೂ ಸಾಧ್ಯವಿಲ್ಲ, ಹದಿಮೂರನ್ನು ಎರಡಾಗಿ ಭಾಗಿಸಲಾಗದಲ್ಲ.

ಹದಿನಾಲ್ಕನೆಯ ತಂಡ ಇಂಟರ್ ಕಾಶಿ. 2024-25ರ ಐ-ಲೀಗ್ ಮುಗಿದಾಗ ಅದು ಚರ್ಚಿಲ್ ಬ್ರದರ್ಸ್‌ಗಿಂತ ಒಂದು ಅಂಕ ಹಿಂದಿತ್ತು. ಆಟಗಾರರ ಅರ್ಹತೆಯ ಕುರಿತ ತಕರಾರು ಸಮಿತಿಯಿಂದ ಸಮಿತಿಗೆ ಅಲೆದು, ಕೊನೆಗೆ ಸ್ವಿಟ್ಜರ್ಲೆಂಡಿನ ಲೋಸಾನ್‌ನಲ್ಲಿರುವ ಕ್ರೀಡಾ ನ್ಯಾಯಮಂಡಳಿಯಲ್ಲಿ 2025ರ ಜುಲೈನಲ್ಲಿ ಇತ್ಯರ್ಥವಾಯಿತು. ಚಾಂಪಿಯನ್ ಪಟ್ಟ ಚರ್ಚಿಲ್‌ನಿಂದ ಕಾಶಿಗೆ ಹೋಯಿತು. ಎರಡು ಬಾರಿಯ ರಾಷ್ಟ್ರೀಯ ಚಾಂಪಿಯನ್, ಗೋವಾದ ಚರ್ಚಿಲ್‌ಗೆ ಬಡ್ತಿ ಸಿಗಲಿಲ್ಲ. ಮೇಲಿನ ಹದಿನಾಲ್ಕರಲ್ಲಿ ಯಾರು, ಯಾವ ವರ್ಷದಿಂದ ಕೆಳಗಿಳಿಯಬೇಕು ಎಂಬುದು ಇನ್ನು ಮುಂದಿನ ಜಗಳ. ಫ್ರ್ಯಾಂಚೈಸಿ ಶುಲ್ಕವೆಂದು ವರ್ಷಗಟ್ಟಲೆ ಕೋಟಿಗಳನ್ನು ಕಟ್ಟಿದವರು ಅಂದು ತಮ್ಮ ರಸೀದಿಗಳನ್ನು ಹೊರತೆಗೆಯದೆ ಬಿಡುವುದಿಲ್ಲ.