ರುಜು ಹಾಕಿದ್ದಾರಲ್ಲ ಎಂದರೆ ಸಾಲದು

‘ಯಾರೂ ಎಳೆದು ತಂದಿಲ್ಲ, ಒಪ್ಪಿಯೇ ಕೆಲಸಕ್ಕೆ ಸೇರಿದ್ದಾರೆ.’ ಜಾಗತೀಕರಣದ ಕೂಲಿಯ ಮಾತೆತ್ತಿದರೆ ಈ ವಾದ ಬಂದೇ ಬರುತ್ತದೆ. ಕಥೋಲಿಕ ಧರ್ಮಸಭೆ ಇದಕ್ಕೆ 1891ರಲ್ಲೇ ಉತ್ತರ ಕೊಟ್ಟಿದೆ. ಬೇರೆ ದಾರಿಯಿಲ್ಲದೆ, ಇನ್ನೂ ಕೆಟ್ಟದ್ದಕ್ಕೆ ಹೆದರಿ ಒಪ್ಪಿದವನು ಬಲಾತ್ಕಾರಕ್ಕೆ ಸಿಕ್ಕವನೇ ಎಂದು ಪೋಪ್ ಹದಿಮೂರನೆಯ ಲಿಯೋ ‘ರೇರುಮ್ ನೊವಾರುಮ್’ ವಿಶ್ವಪತ್ರದಲ್ಲಿ (ಇಡೀ ಧರ್ಮಸಭೆಗೆ ಪೋಪ್ ಬರೆಯುವ ಬೋಧನಾ ಪತ್ರ) ಬರೆದರು. 1967ರಲ್ಲಿ ಪೋಪ್ ಆರನೆಯ ಪಾಲ್ ಇದೇ ಅಳತೆಗೋಲನ್ನು ದೇಶದೇಶಗಳ ವ್ಯಾಪಾರಕ್ಕೂ ಹಿಡಿದರು.

ಬಾಂಗ್ಲಾದೇಶದ ಢಾಕಾ ಬಳಿಯ ಸಾವರ್‌ನಲ್ಲಿದ್ದ ರಾಣಾ ಪ್ಲಾಜಾ ಕಟ್ಟಡವನ್ನೇ ನೋಡಿ. 2013ರ ಏಪ್ರಿಲ್ 23ರಂದು ಕಟ್ಟಡ ಬಿರುಕು ಬಿಟ್ಟಿತು. ಕೆಳಗಿನ ಬ್ಯಾಂಕು, ಅಂಗಡಿಗಳು ಬಾಗಿಲು ಹಾಕಿದವು. ಮೇಲಿನ ಐದು ಗಾರ್ಮೆಂಟ್ಸ್‌ಗಳಿಗೆ ಮಾತ್ರ ಮರುದಿನ ಜನರನ್ನು ಕರೆಸಿದರು, ಬರದಿದ್ದರೆ ಸಂಬಳ ಸಿಗದೆಂಬ ಬೆದರಿಕೆಯೂ ಇತ್ತು. ಅಂದೇ ಕಟ್ಟಡ ಕುಸಿದುಬಿತ್ತು. ಸತ್ತವರು 1,134. ಅಲ್ಲಿನವರ ಕೂಲಿ ತಿಂಗಳಿಗೆ 38 ಯೂರೋ ಎಂಬ ಸುದ್ದಿ ಓದಿದ ಪೋಪ್ ಫ್ರಾನ್ಸಿಸ್, ಮೇ 1ರಂದು ಅದನ್ನು ಗುಲಾಮರ ದುಡಿಮೆ ಎಂದೇ ಕರೆದರು.

ತಪ್ಪು ಯಾರದು? ಪೋಪ್ ಎರಡನೆಯ ಜಾನ್ ಪಾಲ್ 1981ರಲ್ಲಿ ಕೊಟ್ಟ ‘ಪರೋಕ್ಷ ಮಾಲೀಕ’ ಎಂಬ ಪರಿಕಲ್ಪನೆ ಉಪಯೋಗಕ್ಕೆ ಬರುವುದು ಇಲ್ಲೇ. ನೇರವಾಗಿ ಕೆಲಸಕ್ಕೆ ಇಟ್ಟುಕೊಳ್ಳದೆಯೂ ಕೂಲಿ, ಕೆಲಸದ ಸ್ಥಿತಿಗಳನ್ನು ದೂರದಿಂದ ನಿರ್ಧರಿಸುವವನೇ ಪರೋಕ್ಷ ಮಾಲೀಕ. ಅಂಗಿಯ ದರ, ಶಿಪ್‌ಮೆಂಟ್ ದಿನಾಂಕ ಎರಡನ್ನೂ ಗೊತ್ತುಮಾಡುವವನು ವಿದೇಶಿ ಬೈಯರ್. ಬಟ್ಟೆಯ ಬೆಲೆ, ಬ್ಯಾಂಕ್ ಬಡ್ಡಿ ಫ್ಯಾಕ್ಟರಿ ಮಾಲೀಕನ ಕೈಯಲ್ಲಿಲ್ಲ. ಕತ್ತರಿ ಆಡಿಸಲು ಉಳಿಯುವುದು ಕೂಲಿ, ಓಟಿ (ಹೆಚ್ಚುವರಿ ದುಡಿಮೆಯ ಹಣ), ಕಟ್ಟಡದ ಭದ್ರತೆ. ಸ್ಥಳೀಯ ಮಾಲೀಕನ ಪಾಪ ಇದರಿಂದ ತೊಳೆದುಹೋಗದು. ಆದರೆ ದರ ಕಟ್ಟಿದವನೂ, ಕಾನೂನು ಸಡಿಲಬಿಟ್ಟ ಸರ್ಕಾರವೂ ಪರೋಕ್ಷ ಮಾಲೀಕರ ಸಾಲಿಗೇ ಬರುತ್ತವೆ.

ಇಲ್ಲಿ ನಮ್ಮ ಧರ್ಮಕೇಂದ್ರಗಳೂ (ಊರೂರಿನ ಚರ್ಚುಗಳು) ಎಡವುತ್ತವೆ. ಕೂಲಿಯ ಮಾತನ್ನು ದಾನದ ಪೆಟ್ಟಿಗೆಗೆ ಹಾಕಿಬಿಡುತ್ತವೆ. ಮಧ್ಯಯುಗದ ದೇವಶಾಸ್ತ್ರಜ್ಞ ಸಂತ ಥಾಮಸ್ ಅಕ್ವಿನಾಸರ ಲೆಕ್ಕದಲ್ಲಿ ಕೊಟ್ಟು-ಕೊಳ್ಳುವುದರ ನ್ಯಾಯ ಬೇರೆ, ದಾನ ಬೇರೆ. ನ್ಯಾಯವಾಗಿ ಸಲ್ಲಬೇಕಾದ್ದನ್ನು ಹಿಡಿದಿಟ್ಟವನು ಅದನ್ನು ಹಿಂದಿರುಗಿಸಬೇಕು. ಕ್ರಿಸ್ಮಸ್‌ಗೆ ಕಂಬಳಿ ಹಂಚಿದರೆ ಆ ಬಾಕಿ ತೀರುವುದಿಲ್ಲ.

ದುರಂತದ ಮರುತಿಂಗಳು ಬ್ರ್ಯಾಂಡ್‌ಗಳೂ ಕಾರ್ಮಿಕ ಸಂಘಗಳೂ ಮಾಡಿಕೊಂಡ ಸುರಕ್ಷತಾ ಕರಾರು ಈ ಬೋಧನೆಗೆ ಹತ್ತಿರ ಬರುತ್ತದೆ. ಅದನ್ನು ಬರೆದವರು ದೇವಶಾಸ್ತ್ರಜ್ಞರಲ್ಲ ಎನ್ನುವುದು ಬೇರೆ ಮಾತು. ಅದು ಬರೀ ಆಶ್ವಾಸನೆಯಲ್ಲ, ಕಾನೂನಿನ ಬಂಧನ. ಕಟ್ಟಡದ ರಿಪೇರಿಯ ಖರ್ಚು ಫ್ಯಾಕ್ಟರಿಗೆ ನಿಭಾಯಿಸಲಾಗುವಂಥ ವ್ಯವಹಾರವನ್ನು ಬ್ರ್ಯಾಂಡ್ ಕುದುರಿಸಬೇಕು. ರಿಪೇರಿಗೆಂದು ಮುಚ್ಚಿದರೆ ಆರು ತಿಂಗಳವರೆಗೆ ಕೂಲಿ ನಿಲ್ಲಬಾರದು. ಆದರೆ ತಿಂಗಳ ಕೂಲಿ ಎಷ್ಟಿರಬೇಕು ಎಂಬುದನ್ನು ಆ ಕರಾರು ಮುಟ್ಟಲಿಲ್ಲ.