ಲೆನ್ಸ್ ಉಲ್ಟಾ ಹಾಕಿದ ಮೇಲೆ ಫೋಕಸ್ ರಿಂಗ್ ಮುಟ್ಟಬೇಡಿ

ಮಳೆಗಾಲ ಶುರುವಾಗಿ ಅಂಗಳದಲ್ಲಿ ಹುಳ ಹುಪ್ಪಟೆ ಕಾಣಿಸಿಕೊಂಡರೆ ಸಾಕು, ನನ್ನ ಫೋನಿಗೆ ಒಂದೇ ದೂರು ಬರತೊಡಗುತ್ತದೆ. ಪುಟ್ಟ ಹುಳುವನ್ನು ದೊಡ್ಡದಾಗಿ ತೆಗೆಯಲು ಮಾಮೂಲಿ ಲೆನ್ಸನ್ನೇ ಹಿಂದುಮುಂದಾಗಿ ಕ್ಯಾಮೆರಾಗೆ ಹಾಕಿ ಅಂತ ಹೇಳಿಕೊಡುತ್ತೇನಲ್ಲ, ಅದನ್ನು ಮಾಡಿ ನೋಡಿದವರ ದೂರು. "ಸರ್, ನೀವು ಹೇಳಿದ ಹಾಗೇ ಲೆನ್ಸ್ ಉಲ್ಟಾ ಹಾಕಿದೆ. ಎಲ್ಲಾ ಮಸುಕು. ಲೆನ್ಸ್ ಹೋಯ್ತಾ?" ಲೆನ್ಸ್ ಹೋಗಿರುವುದಿಲ್ಲ. ನಾನು ಮೊದಲು ಕೇಳುವುದು, "ನಿಮ್ಮ ಎಡಗೈ ಎಲ್ಲಿದೆ?" ಹೆಚ್ಚು ಕಡಿಮೆ ಯಾವಾಗಲೂ ಅದು ಚಿತ್ರ ಚೂಪು ಮಾಡಲು ತಿರುಗಿಸುವ ಫೋಕಸ್ ರಿಂಗ್ ಮೇಲೇ ಇರುತ್ತದೆ.

ಎಷ್ಟು ಸಲ ಹೇಳಿದರೂ ಇದೊಂದು ತಲೆಗೆ ಹೋಗುವುದಿಲ್ಲ. ಲೆನ್ಸನ್ನು ಉಲ್ಟಾ ಸಿಕ್ಕಿಸಲು ಬೇಕಾದ ರಿವರ್ಸ್ ರಿಂಗ್ ಕೊಳ್ಳುತ್ತಾರೆ, ಫಿಲ್ಟರ್ ಹಾಕುವ ಕಡೆಯಿಂದ ಲೆನ್ಸನ್ನು ಕ್ಯಾಮೆರಾಗೆ ಸರಿಯಾಗಿಯೇ ಸಿಕ್ಕಿಸುತ್ತಾರೆ, ಎಲ್ಲವನ್ನೂ ಕೈಯಾರೆ ಹೊಂದಿಸುವ ಎಂ (ಮ್ಯಾನುಯಲ್) ಮೋಡ್‌ಗೂ ಬರುತ್ತಾರೆ. ಆಮೇಲೆ ಹಳೇ ಅಭ್ಯಾಸಕ್ಕೆ ಬಿದ್ದು ಫೋಕಸ್ ರಿಂಗ್ ತಿರುಗಿಸುತ್ತಾ ಕೂರುತ್ತಾರೆ. ಹತ್ತು ನಿಮಿಷ ಒದ್ದಾಡಿ, ಬೇಜಾರಾಗಿ, ಹತ್ತಿರದ ಚಿತ್ರಕ್ಕೆಂದೇ ಮಾಡಿದ ದುಬಾರಿ ಮ್ಯಾಕ್ರೋ ಲೆನ್ಸ್ ಯಾವುದು ಒಳ್ಳೇದು ಅಂತ ಕೇಳುತ್ತಾರೆ. ಕೆಲವು ನೂರು ರೂಪಾಯಿಯ ರಿವರ್ಸ್ ರಿಂಗ್ ಮಾಡುವ ಕೆಲಸಕ್ಕೆ ಹತ್ತಾರು ಸಾವಿರ ಹಾಕಲು ಹೊರಟವರನ್ನು ನೋಡಿದರೆ ನನಗೆ ನಿಜಕ್ಕೂ ಸಂಕಟವಾಗುತ್ತದೆ.

ಫೋಕಸ್ ರಿಂಗ್ ಏಕೆ ಕೆಲಸ ಮಾಡುವುದಿಲ್ಲ ಅಂತ ನೋಡಿ. ಮಾಮೂಲಿ 50 ಎಂಎಂ ಲೆನ್ಸಿನಲ್ಲಿ ಫೋಕಸ್ ರಿಂಗ್ ತಿರುಗಿಸಿದರೆ ಒಳಗಿನ ಗಾಜುಗಳೆಲ್ಲ ಒಟ್ಟಿಗೆ ಮುಂದೆ ಸರಿಯುತ್ತವೆ. ಕ್ಯಾಮೆರಾದೊಳಗೆ ಚಿತ್ರ ಹಿಡಿಯುವ ಸೆನ್ಸರಿಗೂ ಗಾಜಿಗೂ ನಡುವಿನ ದೂರ ಬದಲಾಗುತ್ತದೆ, ಅದರಿಂದ ಫೋಕಸ್ ಬದಲಾಗುತ್ತದೆ. ಉಲ್ಟಾ ಹಾಕಿದಾಗ ಕ್ಯಾಮೆರಾಗೆ ಅಂಟಿಕೊಂಡಿರುವುದು ಫಿಲ್ಟರ್ ಕಡೆಯ ತುದಿ. ಗಾಜುಗಳು ಇರುವುದು ಆ ತುದಿಯ ಜೊತೆಗೇ. ಹಾಗಾಗಿ ಈಗ ರಿಂಗ್ ತಿರುಗಿಸಿದರೆ ಗಾಜು ಇದ್ದಲ್ಲೇ ಇರುತ್ತದೆ. ಹೊರಗಿನ ಕೊಳವೆ ಮಾತ್ರ ಹುಳುವಿನ ಕಡೆಗೆ ಚಾಚುತ್ತದೆ. ಫೋಕಸ್ ಕೂದಲೆಳೆಯಷ್ಟೂ ಬದಲಾಗುವುದಿಲ್ಲ, ಹುಳು ಮಾತ್ರ ಹೆದರಿ ಹಾರಿಹೋಗುತ್ತದೆ. ಎಲ್ಲ ಲೆನ್ಸಿಗೂ ಇದೇ ಲೆಕ್ಕ ಅಂತ ಹೇಳಲಾರೆ. ಒಳಗೊಳಗೇ ಫೋಕಸ್ ಮಾಡುವ ಲೆನ್ಸುಗಳಲ್ಲಿ ಸ್ವಲ್ಪ ವ್ಯತ್ಯಾಸ ಕಾಣಬಹುದು. ಆದರೂ ಅದನ್ನು ನಂಬಿಕೊಂಡು ಕೆಲಸ ಮಾಡಲಾಗದು.

ಹಾಗಾದರೆ ಫೋಕಸ್ ಮಾಡುವುದು ಹೇಗೆ? ನೀವೇ ಮುಂದೆ ಹಿಂದೆ ಸರಿಯಬೇಕು. ಇದನ್ನು ಹೇಳಿದರೆ ಎಲ್ಲರೂ ತಲೆ ಆಡಿಸುತ್ತಾರೆ, ಮತ್ತೆ ಕೈ ರಿಂಗಿಗೇ ಹೋಗುತ್ತದೆ. ಅದಕ್ಕೆ ಈಗ ಮಾತು ಬಿಟ್ಟು ಸ್ಕೇಲ್ ಇಟ್ಟು ತೋರಿಸುತ್ತೇನೆ. ಮಕ್ಕಳ ಜಾಮಿಟ್ರಿ ಬಾಕ್ಸಿನ ಸ್ಕೇಲನ್ನು ಪುಸ್ತಕಕ್ಕೆ ಒರಗಿಸಿ ಓರೆಯಾಗಿ ಇಡಿ. ಲೆನ್ಸನ್ನು ಹತ್ತಿರ ತನ್ನಿ. ಎಲ್ಲೋ ಒಂದು ಕಡೆ ಒಂದೇ ಒಂದು ಗೆರೆ ಚೂಪಾಗಿ ಕಾಣುತ್ತದೆ, ಅದರ ಆಚೆ ಈಚೆ ಎಲ್ಲ ಕರಗಿಹೋಗಿರುತ್ತದೆ. ಈಗ ಕ್ಯಾಮೆರಾವನ್ನು ತೀರಾ ನಿಧಾನಕ್ಕೆ ಮುಂದೆ ತಳ್ಳಿ. ಆ ಚೂಪು ಒಂದು ಗೆರೆಯಿಂದ ಇನ್ನೊಂದಕ್ಕೆ ನಡೆದುಕೊಂಡು ಹೋಗುತ್ತದೆ. ಲೆನ್ಸಿನ ಮುಂದೆ ಒಂದು ಗೊತ್ತಾದ ದೂರದಲ್ಲಿ ಕಣ್ಣಿಗೆ ಕಾಣದ ಗಾಜಿನ ಹಾಳೆಯೊಂದು ನಿಂತಿದೆ ಅಂದುಕೊಳ್ಳಿ. ಅದು ಕ್ಯಾಮೆರಾ ಜೊತೆಗೇ ಬರುತ್ತದೆ, ಜೊತೆಗೇ ಹೋಗುತ್ತದೆ. ಹುಳುವಿನ ಕಣ್ಣನ್ನು ಆ ಹಾಳೆ ಮುಟ್ಟಿದಾಗ ಒತ್ತಬೇಕು.

ಆ ಹಾಳೆ ಎಷ್ಟು ತೆಳು ಅನ್ನುವುದೂ ಗೊತ್ತಿರಲಿ. ಎಪಿಎಸ್-ಸಿ ಅನ್ನುವ ಚಿಕ್ಕ ಅಳತೆಯ ಸೆನ್ಸರಿನ ಕ್ಯಾಮೆರಾದಲ್ಲಿ ವಸ್ತು ತನ್ನ ನಿಜ ಅಳತೆಯಲ್ಲೇ ಸೆನ್ಸರ್ ಮೇಲೆ ಬೀಳುತ್ತಿದ್ದರೆ, ಅಪರ್ಚರ್, ಅಂದರೆ ಲೆನ್ಸಿನಲ್ಲಿ ಬೆಳಕು ಬರುವ ಕಿಂಡಿ, ಎಫ್ 8ಕ್ಕೆ ಇಟ್ಟಾಗ ಸುಮಾರು 0.6 ಮಿಲಿಮೀಟರ್ ಮಾತ್ರ ಚೂಪಾಗಿರುತ್ತದೆ. ಮೂರು ಪಟ್ಟು ದೊಡ್ಡದು ಮಾಡಿದರೆ 0.15 ಕೂಡ ಇಲ್ಲ. ಜೆರಾಕ್ಸ್ ಹಾಳೆಯ ದಪ್ಪವೇ ಸುಮಾರು 0.1 ಮಿಲಿಮೀಟರ್. ನಿಮ್ಮ ಉಸಿರಾಟಕ್ಕೆ ಹೆಗಲು ಅದಕ್ಕಿಂತ ಜಾಸ್ತಿ ಅಲುಗುತ್ತದೆ, ಅಲ್ವಾ?

ಎಫ್ ಸಂಖ್ಯೆ ದೊಡ್ಡದಾದಷ್ಟೂ ಕಿಂಡಿ ಚಿಕ್ಕದು, ಹಾಳೆ ದಪ್ಪ. ಅದಕ್ಕೇ ಇಷ್ಟು ಕೇಳಿದವರು ಅಪರ್ಚರನ್ನು ಎಫ್ 22ಕ್ಕೆ ಮುಚ್ಚುತ್ತಾರೆ. ಬೇಡ. ಇಷ್ಟು ಹತ್ತಿರದ ಕೆಲಸದಲ್ಲಿ ಲೆನ್ಸ್ ಮೇಲೆ ಬರೆದ ಸಂಖ್ಯೆಗಿಂತ ನಿಜವಾದ ಕಿಂಡಿ ಇನ್ನೂ ಚಿಕ್ಕದಾಗಿ ವರ್ತಿಸುತ್ತದೆ. ನಿಜ ಅಳತೆಯಲ್ಲಿ ಎಫ್ 8 ಅಂದರೆ ಎಫ್ 16 ಇಟ್ಟಂತೆ. 22 ಇಟ್ಟರೆ ಬೆಳಕು ಅಂಚಿನಲ್ಲಿ ಹರಡಿ ಇಡೀ ಚಿತ್ರವೇ ಮೆತ್ತಗಾಗುತ್ತದೆ. ನಾನು ಎಫ್ 8 ದಾಟುವುದು ಅಪರೂಪ. ಉಲ್ಟಾ ಹಾಕಿದ ಲೆನ್ಸಿನ ಕಿಂಡಿಯನ್ನು ಕ್ಯಾಮೆರಾದಿಂದ ಬದಲಾಯಿಸಲಾಗದು, ಹಾಗಾಗಿ ಅದನ್ನು ಹಿಡಿತದಲ್ಲಿಡುವುದು ಹೇಗೆ ಅನ್ನುವುದು ಯಾವ ಲೆನ್ಸ್ ಅನ್ನುವುದರ ಮೇಲಿದೆ. ನಿಕಾನ್‌ನ ಹಳೆಯ ಡಿ ಲೆನ್ಸುಗಳಲ್ಲಿ ಅಪರ್ಚರ್ ರಿಂಗ್ ಇದೆ, ಚಿಂತೆಯಿಲ್ಲ. ಜಿ ಲೆನ್ಸುಗಳಲ್ಲಿ ಹಿಂದೆ ಚಿಕ್ಕ ಸನ್ನೆಯೊಂದಿದೆ. ಅದನ್ನು ಸರಿಸದಿದ್ದರೆ ಕಿಂಡಿ ಪೂರ್ತಿ ಮುಚ್ಚಿಕೊಂಡು ಕತ್ತಲೋ ಕತ್ತಲು. ಕ್ಯಾನನ್‌ನ ಇಎಫ್ ಲೆನ್ಸನ್ನು ನೆಟ್ಟಗೆ ಹಾಕಿ, ಎಫ್ 8 ಇಟ್ಟು, ಇಟ್ಟ ಸಂಖ್ಯೆಗೆ ಕಿಂಡಿಯನ್ನು ಮುಚ್ಚಿ ತೋರಿಸುವ ಡೆಪ್ತ್ ಪ್ರಿವ್ಯೂ ಬಟನ್ ಒತ್ತಿ ಹಿಡಿದಿರುವಾಗಲೇ ಬಿಚ್ಚಿದರೆ ಕಿಂಡಿ ಅಲ್ಲೇ ನಿಲ್ಲುತ್ತದೆ.

ಕ್ಯಾಮೆರಾ ಜೊತೆಗೇ ಬರುವ 18-55 ಎಂಎಂ ಕಿಟ್ ಲೆನ್ಸ್ ಇದ್ದವರಿಗೆ ಒಂದು ಮಾತು. ಅದರ ಜೂಮ್ ಇಲ್ಲೂ ಕೆಲಸಕ್ಕೆ ಬರುತ್ತದೆ, ಆದರೆ ಲೆಕ್ಕ ತಿರುಗುಮುರುಗು. 18ರಲ್ಲಿ ವಸ್ತು ತುಂಬ ದೊಡ್ಡದಾಗಿ ಕಾಣುತ್ತದೆ, 55ರಲ್ಲಿ ಚಿಕ್ಕದಾಗಿ. 18ರಲ್ಲಿ ಒಂದು ಸೋನಾ ಮಸೂರಿ ಅಕ್ಕಿಕಾಳು ಚೌಕಟ್ಟಿನ ಬಹುಪಾಲು ತುಂಬಿಬಿಡುತ್ತದೆ. ಹೊಸಬರು ನೇರ ಅಲ್ಲಿಗೇ ಹೋಗುತ್ತಾರೆ. 55ರಿಂದ ಶುರುಮಾಡಿ ಅಂತ ನನ್ನ ಕಳಕಳಿಯ ಮನವಿ.

ಸಕಲೇಶಪುರದ ಕಡೆಯ ಒಂದು ಕಾಫಿ ತೋಟಕ್ಕೆ ಹೋಗಿದ್ದಾಗ ನಮ್ಮ ಗುಂಪಿನಲ್ಲಿ ನಿವೃತ್ತ ಮೇಷ್ಟ್ರೊಬ್ಬರಿದ್ದರು. ಮಗಳ ಹಳೇ ಕ್ಯಾಮೆರಾ, ಮಂಡಿ ನೋವು, ಆದರೆ ಉತ್ಸಾಹ ಮಾತ್ರ ಎಲ್ಲರಿಗಿಂತ ಜಾಸ್ತಿ. ಬೆಳಗ್ಗೆ ಪೂರ್ತಿ ರಿಂಗ್ ತಿರುಗಿಸಿ ತಿರುಗಿಸಿ ಒಂದೂ ಚಿತ್ರ ಸಿಗಲಿಲ್ಲ. ಕೊನೆಗೆ ಆ ರಿಂಗಿಗೆ ಇನ್ಸುಲೇಷನ್ ಟೇಪ್ ಸುತ್ತಿಬಿಟ್ಟೆ. "ಇನ್ನು ತಿರುಗಿಸೋಕೆ ಏನೂ ಇಲ್ಲ ಮೇಷ್ಟ್ರೇ, ನೀವೇ ಸರೀಬೇಕು" ಅಂದೆ.

ತೋಟದ ಮನೆಯಿಂದ ಒಂದು ಮಣೆ ತಂದು ಕೂರಿಸಿದೆವು. ಕಾಫಿ ಎಲೆ ಮೇಲೆ ಪುಟ್ಟದೊಂದು ಜಿಗಿಯುವ ಜೇಡ ಕೂತಿತ್ತು. ಎಡಗೈಯ ಹೆಬ್ಬೆರಳು, ತೋರುಬೆರಳಲ್ಲಿ ಎಲೆಯ ತೊಟ್ಟು ಹಿಡಿಯಿರಿ ಅಂದೆ. ಅದೇ ಕೈಯ ಉಳಿದ ಬೆರಳುಗಳ ಮೇಲೆ ಲೆನ್ಸ್ ಕೂರಿಸಿ ಅಂದೆ. ಹೀಗೆ ಹಿಡಿದರೆ ಗಾಳಿಗೆ ಎಲೆ ಅಲುಗಿದರೂ, ಕೈ ನಡುಗಿದರೂ, ಲೆನ್ಸ್ ಮತ್ತು ಜೇಡ ಎರಡೂ ಜೊತೆಯಲ್ಲೇ ಅಲುಗುತ್ತವೆ. ನಡುವಿನ ದೂರ ಅಷ್ಟಾಗಿ ಕೆಡುವುದಿಲ್ಲ. ಲೆನ್ಸನ್ನು ಬೆರಳ ಮೇಲೆ ಒಂಚೂರು ಒಂಚೂರೇ ಜಾರಿಸುವುದಷ್ಟೇ ಕೆಲಸ. ಫ್ಲ್ಯಾಶ್ ಮುಂದೆ ಬಟರ್ ಪೇಪರ್ ಕಟ್ಟಿ, ಬೆಳಕನ್ನು 16ರಲ್ಲಿ ಒಂದು ಪಾಲಿಗೆ ಇಳಿಸಿದೆವು. ಅಷ್ಟು ಕಡಿಮೆ ಮಾಡಿದರೆ ಮಿಂಚು ತೀರಾ ಚುಟುಕಾಗಿ ಬಂದು ಹೋಗುತ್ತದೆ, ಉಳಿದ ನಡುಕ ಅದರಲ್ಲಿ ಕಾಣುವುದಿಲ್ಲ.

ಜೇಡ ತಿರುಗಿ ಅವರನ್ನೇ ನೋಡಿತು. ಈ ಜೇಡಗಳಿಗೆ ಎಂಟು ಕಣ್ಣು, ಮುಂದಿನ ಎರಡು ಕಾರಿನ ಹೆಡ್‌ಲೈಟ್ ಹಾಗೆ ದೊಡ್ಡವು. ಮೇಷ್ಟ್ರು ಉಸಿರು ಬಿಗಿಹಿಡಿದು ಮುಂದಕ್ಕೆ ಬಾಗುತ್ತಾ ನಾಲ್ಕೈದು ಸಲ ಒತ್ತಿದರು. ಒಂದರಲ್ಲಿ ಮೀಸೆಯಂಥ ಕೂದಲು ಚೂಪು, ಇನ್ನೊಂದರಲ್ಲಿ ಬೆನ್ನು. ಮೂರನೆಯದರಲ್ಲಿ ಎರಡೂ ಕಣ್ಣು ಸರಿಯಾಗಿ ಬಿದ್ದಿದ್ದವು. ಅದರೊಳಗೆ ಬಟರ್ ಪೇಪರಿನ ಬಿಳಿ ಚೌಕವೂ ಕಾಣುತ್ತಿತ್ತು. ಅವರು ಸ್ಕ್ರೀನನ್ನು ದೊಡ್ಡದು ಮಾಡಿ ನೋಡಿ, ಮಾತಿಲ್ಲದೆ ನನ್ನ ಕಡೆ ತಿರುಗಿಸಿದರು.

ಎರಡು ಎಚ್ಚರಿಕೆ ಹೇಳದೆ ಬಿಡಲಾರೆ. ಉಲ್ಟಾ ಹಾಕಿದ ಲೆನ್ಸಿನ ಹಿಂಬದಿ ಗಾಜು ಬಯಲಿಗೆ ಬಿದ್ದಿರುತ್ತದೆ. ಹಳೇ ಹಿಂಬದಿ ಮುಚ್ಚಳಕ್ಕೆ ದೊಡ್ಡ ತೂತು ಕೊರೆದು ಸಿಕ್ಕಿಸಿ, ಗೀರು ಬೀಳುವುದು ಕಡಿಮೆಯಾಗುತ್ತದೆ. ಎರಡನೆಯದು, ಹುಳು ಅಲುಗಬಾರದು ಅಂತ ಫ್ರಿಜ್‌ನಲ್ಲಿಡುವುದು, ಅಂಟು ಹಚ್ಚುವುದು ದಯವಿಟ್ಟು ಮಾಡಬೇಡಿ. ಬೆಳಗಿನ ಜಾವ ಹೋಗಿ. ಚಳಿಗೆ ಅವು ತಾವಾಗಿಯೇ ಸುಮ್ನೆ ಕೂತಿರುತ್ತವೆ, ಮೈಮೇಲೆ ಇಬ್ಬನಿಯೂ ಇರುತ್ತದೆ.

ಆ ಟೇಪನ್ನು ಮೇಷ್ಟ್ರು ಇನ್ನೂ ಬಿಚ್ಚಿಲ್ಲವಂತೆ. ಹೋದ ವಾರ ಚಗಳಿ ಇರುವೆಯ ಮುಖ ಕಳಿಸಿದ್ದರು, ದವಡೆಯ ಹಲ್ಲುಗಳನ್ನು ಒಂದೊಂದಾಗಿ ಎಣಿಸಬಹುದಿತ್ತು.